ವಯೋವೃದ್ಧರ ತೀವ್ರವಾಗಿ ಗಾಯಗೊಂಡ ಕಾಲನ್ನು ಉಳಿಸುವ ಪುನಾರಚನಾ ಶಸ್ತ್ರಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ನಾಗರಿಕರ ಅವಗಾಹನೆಗಾಗಿ)

1. ಪೀಠಿಕೆ

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಈ ಊರುಗಳಲ್ಲಿ ಕಾಲಿಗೆ ಭಾರಿ ಗಾಯವಾಗುವ ಸಂದರ್ಭಗಳು ಹಲವು. ಶಹಾಬಾದ ಮತ್ತು ಚಿತ್ತಾಪುರ ಭಾಗದ ಫರ್ಸಿ ಕಲ್ಲಿನ ಖಣಿಗಳಲ್ಲಿ ಹಾಸುಗಲ್ಲು ಜಾರಿ ಕಾಲಿನ ಮೇಲೆ ಬೀಳುವುದುಂಟು. ವಾಡಿ, ಸೇಡಂ ಮತ್ತು ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಹೋಗಿಬರುವ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಪಾದಚಾರಿಗಳೂ ದ್ವಿಚಕ್ರ ವಾಹನದ ಹಿಂಬದಿ ಸವಾರರೂ ಅಪಘಾತಕ್ಕೀಡಾಗುವುದುಂಟು. ತೊಗರಿ ರಾಶಿಯ ಕಾಲದಲ್ಲಿ ಟ್ರ್ಯಾಕ್ಟರ್ ಹಾಗೂ ರಾಶಿ ಯಂತ್ರಗಳಿಂದಲೂ, ವಾಡಿ ಜಂಕ್ಷನ್ ಮತ್ತು ಶಹಾಬಾದ ನಿಲ್ದಾಣಗಳಲ್ಲಿ ಹಳಿ ದಾಟುವಾಗಲೂ ಇಂತಹ ಗಾಯಗಳು ಸಂಭವಿಸುತ್ತವೆ.

ಗಾಯಗೊಂಡವರು ಅರವತ್ತು, ಎಪ್ಪತ್ತು ವರ್ಷ ಮೀರಿದ ಹಿರಿಯರಾಗಿದ್ದಲ್ಲಿ "ಈ ವಯಸ್ಸಿನಲ್ಲಿ ಕಾಲು ಉಳಿಸುವ ಪ್ರಯತ್ನವೇಕೆ" ಎಂಬ ಮಾತು ಮನೆಯವರಿಂದಲೂ, ಕೆಲವೊಮ್ಮೆ ಗಾಯಾಳುವಿನಿಂದಲೇ ಕೇಳಿಬರುತ್ತದೆ. ವಯಸ್ಸೊಂದೇ ಕಾರಣವಾಗಿ ಕಾಲನ್ನು ಕತ್ತರಿಸಬೇಕೆಂಬ ನಿಯಮ ವೈದ್ಯಶಾಸ್ತ್ರದಲ್ಲಿ ಇಲ್ಲ. ಗಾಯದ ಸ್ವರೂಪ, ಆಸ್ಪತ್ರೆ ತಲುಪಲು ಹಿಡಿದ ಸಮಯ, ಗಾಯಾಳುವಿನ ಒಟ್ಟು ಆರೋಗ್ಯ ಹಾಗೂ ಅವರ ಇಚ್ಛೆ, ಈ ನಾಲ್ಕನ್ನೂ ಕೂಡಿ ನೋಡಿ ನಿರ್ಧಾರ ಕೈಗೊಳ್ಳಲಾಗುತ್ತದೆ. ಇವುಗಳಲ್ಲಿ ಸಮಯವೊಂದು ಬಹುಮಟ್ಟಿಗೆ ಕುಟುಂಬದವರ ಕೈಯಲ್ಲಿದೆ. ಚಿಕಿತ್ಸೆಯ ಕ್ರಮ, ನಿರ್ಧಾರದ ಆಧಾರ ಮತ್ತು ಪಡೆಯಬಹುದಾದ ಸೌಲಭ್ಯಗಳನ್ನು ಕುರಿತು ಈ ಕೆಳಗೆ ವಿವರಿಸಲಾಗಿದೆ.

2. ಗಾಯವಾದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

1) 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಕರೆಸಿಕೊಳ್ಳತಕ್ಕದ್ದು. ಗಾಯವಾದ ಸಮಯವನ್ನು ಬರೆದಿಟ್ಟುಕೊಳ್ಳತಕ್ಕದ್ದು. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.
2) ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಿಡದೆ ಒತ್ತಿ ಹಿಡಿಯಬೇಕು. ಹೀಗೆ ಮಾಡಿದರೂ ನಿಲ್ಲದೆ ಪ್ರಾಣಕ್ಕೆ ಅಪಾಯವಿದ್ದಲ್ಲಿ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯವನ್ನು ಆಂಬುಲೆನ್ಸ್ ಸಿಬ್ಬಂದಿಗೆ ತಿಳಿಸಬೇಕು. ತಂತಿ ಅಥವಾ ಸಣ್ಣ ಹಗ್ಗ ಬಳಸಕೂಡದು.
3) ಹೊರಚಾಚಿದ ಮೂಳೆಯನ್ನು ಒಳಕ್ಕೆ ತಳ್ಳಕೂಡದು. ಕಾಲನ್ನು ಇದ್ದ ಸ್ಥಿತಿಯಲ್ಲೇ ಹಲಗೆ ಅಥವಾ ದಿಂಬಿನ ಆಸರೆಯಲ್ಲಿ ಕಟ್ಟಬೇಕು.
4) ಅರಿಶಿನ, ಕಾಫಿ ಪುಡಿ, ತಂಬಾಕು, ಬೂದಿ, ಸಗಣಿ, ಸೀಮೆಎಣ್ಣೆ ಮುಂತಾದವನ್ನು ಗಾಯಕ್ಕೆ ಹಚ್ಚಕೂಡದು. ಇವೆಲ್ಲವನ್ನೂ ಶಸ್ತ್ರಚಿಕಿತ್ಸಕರು ಮತ್ತೆ ಕೆರೆದು ತೆಗೆಯಬೇಕಾಗುತ್ತದೆ, ಸೋಂಕೂ ಹೆಚ್ಚುತ್ತದೆ.
5) ಎಲುಬು ಕಟ್ಟುವವರ ಬಳಿ ಕರೆದೊಯ್ದು ಬಿದಿರು ಪಟ್ಟಿಯಿಂದ ಬಿಗಿಯಾಗಿ ಕಟ್ಟಿಸಕೂಡದು. ಊತ ಬಂದ ಕಾಲಿಗೆ ಬಿಗಿ ಕಟ್ಟು ಬಿದ್ದರೆ ರಕ್ತಸಂಚಾರ ನಿಂತು, ಉಳಿಸಬಹುದಾಗಿದ್ದ ಕಾಲೂ ಕೊಳೆಯುತ್ತದೆ.
6) ಕಾಲು ಬಹಳ ಹೊತ್ತು ಕಲ್ಲಿನಡಿ ಸಿಲುಕಿದ್ದಲ್ಲಿ ಆ ವಿಷಯವನ್ನು ಆಂಬುಲೆನ್ಸ್ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸಬೇಕು. ಜಜ್ಜಿದ ಸ್ನಾಯುಗಳಿಂದ ಬಿಡುಗಡೆಯಾಗುವ ಅಂಶಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವಾದ್ದರಿಂದ, ಕಲ್ಲೆತ್ತುವ ಮೊದಲೇ ಸಲೈನ್ ಆರಂಭಿಸಬೇಕಾಗಬಹುದು.
7) ಅರಿವಳಿಕೆ ನೀಡಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನನ್ನೂ ಕೊಡಕೂಡದು.
8) ಹಿರಿಯರು ನಿತ್ಯ ಸೇವಿಸುವ ಔಷಧಿಗಳ ಚೀಟಿಯನ್ನು ಜೊತೆಗೆ ಒಯ್ಯತಕ್ಕದ್ದು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿದ್ದಲ್ಲಿ ಕಡ್ಡಾಯವಾಗಿ ತಿಳಿಸತಕ್ಕದ್ದು.

3. ದೂರ ಮತ್ತು ಸಮಯ

ಕಲಬುರಗಿ ನಗರಕ್ಕೆ ಶಹಾಬಾದದಿಂದ ಸುಮಾರು 25ರಿಂದ 30 ಕಿ.ಮೀ., ಚಿತ್ತಾಪುರ ಮತ್ತು ವಾಡಿಗಳಿಂದ ಸುಮಾರು 40 ಕಿ.ಮೀ., ಸೇಡಂನಿಂದ ಸುಮಾರು 55 ಕಿ.ಮೀ. ಹಾಗೂ ಚಿಂಚೋಳಿಯಿಂದ 80 ಕಿ.ಮೀ.ಗೂ ಹೆಚ್ಚು ದೂರವಿದೆ. ಚಿಂಚೋಳಿ ತಾಲ್ಲೂಕಿನ ಗಡಿಭಾಗದ ಹಳ್ಳಿಗಳು ಮತ್ತು ತಾಂಡಾಗಳಿಂದ ಮುಖ್ಯರಸ್ತೆ ತಲುಪಲು ಇನ್ನಷ್ಟು ಸಮಯ ಬೇಕು. ಮಳೆಗಾಲದಲ್ಲಿ ಕಾಗಿಣಾ ನದಿ ತುಂಬಿ ಮಳಖೇಡದ ಬಳಿ ಸೇತುವೆ ಮುಳುಗಿ, ಸೇಡಂ–ಕಲಬುರಗಿ ಸಂಚಾರ ನಿಂತ ಸಂದರ್ಭಗಳೂ ಇವೆ. ಅಂತಹ ದಿನಗಳಲ್ಲಿ ಬದಲಿ ಮಾರ್ಗವನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

ಕಾಲಿನ ಮುಖ್ಯ ರಕ್ತನಾಳ ತುಂಡಾಗಿದ್ದರೆ ಸುಮಾರು 6 ಗಂಟೆಗಳೊಳಗೆ ರಕ್ತಸಂಚಾರ ಮರಳಬೇಕು. ಆ ಅವಧಿ ಮೀರಿದಂತೆ ಸ್ನಾಯುಗಳು ಶಾಶ್ವತವಾಗಿ ಸಾಯತೊಡಗುತ್ತವೆ. ಪಾದ ತಣ್ಣಗಾಗುವುದು, ಬಿಳಿಚಿಕೊಳ್ಳುವುದು, ಬೆರಳುಗಳಲ್ಲಿ ಸ್ಪರ್ಶ ತಿಳಿಯದಿರುವುದು ಅದರ ಲಕ್ಷಣಗಳು. ಇವು ಕಂಡುಬಂದಲ್ಲಿ ಕೂಡಲೇ ವೈದ್ಯರ ಗಮನಕ್ಕೆ ತರಬೇಕು.

ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಗಳ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹಾಗೂ ಇತರೆಡೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತಸ್ರಾವ ತಡೆ, ಸಲೈನ್, ಧನುರ್ವಾಯು ಚುಚ್ಚುಮದ್ದು ಮತ್ತು ಮೊದಲ ಪ್ರತಿಜೈವಿಕ ಔಷಧಿ ಪಡೆದು ಮುಂದೆ ಸಾಗುವುದು ಒಳಿತು. ತೆರೆದ ಮೂಳೆ ಮುರಿತದಲ್ಲಿ ಪ್ರತಿಜೈವಿಕ ಔಷಧಿಯನ್ನು ಎಷ್ಟು ಬೇಗ ಕೊಟ್ಟರೆ ಸೋಂಕಿನ ಸಂಭವ ಅಷ್ಟು ಕಡಿಮೆ. ಮುಂದಿನ ಹಂತದ ಚಿಕಿತ್ಸೆಗೆ ಕಲಬುರಗಿಯಲ್ಲಿ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಜಿಮ್ಸ್) ಬೋಧನಾ ಆಸ್ಪತ್ರೆ, ಸೇಡಂ ರಸ್ತೆಯಲ್ಲಿರುವ ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ಖಾಸಗಿ ಬೋಧನಾ ಆಸ್ಪತ್ರೆಗಳಿವೆ. ಮೂಳೆ ತಜ್ಞರೊಡನೆ ಪ್ಲಾಸ್ಟಿಕ್ ಸರ್ಜನ್ ಅಥವಾ ರಕ್ತನಾಳ ತಜ್ಞರು ಅಂದು ಲಭ್ಯರಿರುವರೇ ಎಂಬುದನ್ನು ಕಳುಹಿಸುವ ವೈದ್ಯರ ಮೂಲಕ ದೂರವಾಣಿಯಲ್ಲಿ ಖಚಿತಪಡಿಸಿಕೊಂಡರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ.

4. ಕಾಲು ಉಳಿಸುವುದೋ, ಕತ್ತರಿಸುವುದೋ: ನಿರ್ಧಾರದ ಆಧಾರ

ತೀವ್ರ ಗಾಯಗಳನ್ನು ಅಳೆಯಲು ವೈದ್ಯರು ಅಂಕಮಾಪಕಗಳನ್ನು ಬಳಸುತ್ತಾರೆ. ನಮ್ಮ ದೇಶದ ಗಾಯಾಳುಗಳ ಅನುಭವದಿಂದಲೇ ರೂಪುಗೊಂಡ ಒಂದು ಮಾಪಕವನ್ನು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದರು. ಮುಖ್ಯ ರಕ್ತನಾಳಕ್ಕೆ ಧಕ್ಕೆಯಾಗದ, ಮೊಣಕಾಲ ಕೆಳಗಿನ ತೀವ್ರ ತೆರೆದ ಮುರಿತಗಳಿಗಾಗಿ ಇದನ್ನು ರೂಪಿಸಲಾಯಿತು. ಇದರಲ್ಲಿ ಚರ್ಮ, ಮೂಳೆ ಹಾಗೂ ಸ್ನಾಯು-ನರಗಳ ಹಾನಿಗೆ ತಲಾ 1ರಿಂದ 5 ಅಂಕಗಳಿವೆ. ಚಿಕಿತ್ಸೆಯನ್ನು ಕಠಿಣಗೊಳಿಸುವ ಇತರ ಏಳು ಅಂಶಗಳಿಗೆ ತಲಾ 2 ಅಂಕಗಳಿವೆ. 65 ವರ್ಷ ಮೀರಿದ ವಯಸ್ಸು, ಔಷಧಿ ಅಗತ್ಯವಿರುವ ಮಧುಮೇಹ ಅಥವಾ ಅರಿವಳಿಕೆಗೆ ತೊಡಕಾಗುವ ಹೃದಯ-ಶ್ವಾಸಕೋಶದ ಕಾಯಿಲೆ, ಚರಂಡಿ ಅಥವಾ ಹೊಲ-ಕೊಟ್ಟಿಗೆಯ ಮಾಲಿನ್ಯ, ಗಾಯ ಶುದ್ಧಿಗೆ 12 ಗಂಟೆ ಮೀರಿದ ವಿಳಂಬ ಮುಂತಾದವು ಆ ಏಳರಲ್ಲಿ ಸೇರಿವೆ. ಒಟ್ಟು 14 ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದಲ್ಲಿ ಕಾಲು ಉಳಿಸುವ ಪ್ರಯತ್ನ, 17 ಅಥವಾ ಹೆಚ್ಚಿದ್ದಲ್ಲಿ ಅಂಗಚ್ಛೇದನ ಎಂದು ಸೂಚಿಸಲಾಗಿದೆ. 15 ಮತ್ತು 16 ಅಂಕಗಳಲ್ಲಿ ಅನುಭವಿ ತಂಡವು ಗಾಯಾಳುವಿನ ಸ್ಥಿತಿ ನೋಡಿ ನಿರ್ಧರಿಸಬೇಕು.

ಉದಾಹರಣೆಗೆ, 70 ವರ್ಷದ ಹಿರಿಯರೊಬ್ಬರ ಗಾಯಕ್ಕೆ ಚರ್ಮ 4, ಮೂಳೆ 4, ಸ್ನಾಯು-ನರ 3, ಹೀಗೆ 11 ಅಂಕ ಬಂದಿದೆ ಎಂದುಕೊಳ್ಳೋಣ. ವಯಸ್ಸಿನ 2 ಅಂಕ ಸೇರಿ 13 ಆಗುತ್ತದೆ. ಇದು ಕಾಲು ಉಳಿಸಬಹುದಾದ ವರ್ಗ. ಅದೇ ಗಾಯಾಳುವನ್ನು ಮರುದಿನ ಕರೆತಂದರೆ ವಿಳಂಬದ 2 ಅಂಕ ಸೇರಿ 15 ಆಗುತ್ತದೆ. ಗಾಯಕ್ಕೆ ಕೊಟ್ಟಿಗೆಯ ಸಗಣಿ ಸೇರಿಕೊಂಡಿದ್ದರೆ 17 ಆಗುತ್ತದೆ. ಇಲ್ಲಿ ವಯಸ್ಸಿನ ಅಂಕ ಎರಡೇ. ಉಳಿದ ನಾಲ್ಕು ಅಂಕಗಳಲ್ಲಿ ವಿಳಂಬದ ಎರಡನ್ನು ತಪ್ಪಿಸಬಹುದಾಗಿತ್ತು. ಈ ಲೆಕ್ಕವನ್ನು ಪ್ರತಿಯೊಂದು ಕುಟುಂಬವೂ ಮನಗಾಣಬೇಕು.

ಅಂಕಮಾಪಕವು ನಿರ್ಧಾರಕ್ಕೆ ನೆರವು ಮಾತ್ರ. ಎಲುಬು-ಕೀಲು ತಜ್ಞರು, ಪ್ಲಾಸ್ಟಿಕ್ ಸರ್ಜನ್ ಮತ್ತು ಅರಿವಳಿಕೆ ತಜ್ಞರು ಕೂಡಿ ನೋಡಿದ ನಂತರವೇ ಅಂತಿಮ ನಿರ್ಧಾರವಾಗುವುದು ಸೂಕ್ತ. ಪ್ರಾಣಾಪಾಯವಿಲ್ಲದ ಸಂದರ್ಭದಲ್ಲಿ ಇಂತಹ ಜಂಟಿ ಅಭಿಪ್ರಾಯವನ್ನು ಕೇಳಲು ಕುಟುಂಬದವರು ಸಂಕೋಚಪಡಬೇಕಾಗಿಲ್ಲ.

5. ಪುನಾರಚನಾ ಶಸ್ತ್ರಚಿಕಿತ್ಸೆಯ ಹಂತಗಳು

ಇದು ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಯಲ್ಲ. ಸಾಮಾನ್ಯವಾಗಿ ಈ ಕೆಳಗಿನ ಹಂತಗಳಿರುತ್ತವೆ.

ಅ) ಗಾಯ ಶುದ್ಧಿ: ಮಣ್ಣು, ಕಲ್ಲಿನ ಪುಡಿ ಹಾಗೂ ಸತ್ತ ಸ್ನಾಯು-ಚರ್ಮಗಳನ್ನು ತೆಗೆದು ಗಾಯವನ್ನು ತೊಳೆಯಲಾಗುತ್ತದೆ. ಎಲ್ಲ ಹಂತಗಳಿಗೂ ಇದೇ ತಳಹದಿ. ಅಗತ್ಯವಿದ್ದಲ್ಲಿ ಒಂದೆರಡು ದಿನಗಳ ನಂತರ ಪುನಃ ಮಾಡಲಾಗುತ್ತದೆ. ಆದ್ದರಿಂದ ಮತ್ತೆ ಆಪರೇಷನ್ ಕೊಠಡಿಗೆ ಒಯ್ದರೆ ಮೊದಲ ಚಿಕಿತ್ಸೆ ವಿಫಲವಾಯಿತೆಂದು ಭಾವಿಸಕೂಡದು.

ಆ) ಮೂಳೆಗೆ ಆಸರೆ: ಮುರಿದ ಮೂಳೆಯನ್ನು ಚರ್ಮದ ಹೊರಗೆ ಕಾಣುವ ಸರಳು ಮತ್ತು ಕಂಬಿಗಳ ಚೌಕಟ್ಟಿನಿಂದ ಹಿಡಿದಿಡಲಾಗುತ್ತದೆ. ಗಾಯ ಸ್ವಚ್ಛವಾದ ಮೇಲೆ ಒಳಗಿನ ಸರಳು ಅಥವಾ ಪ್ಲೇಟ್ ಅಳವಡಿಸಬಹುದು.

ಇ) ರಕ್ತನಾಳದ ದುರಸ್ತಿ: ತುಂಡಾದ ನಾಳವನ್ನು ಹೊಲಿಯಲಾಗುತ್ತದೆ, ಇಲ್ಲವೇ ಗಾಯವಾಗದ ಕಾಲಿನಿಂದ ಅಭಿಧಮನಿಯ ತುಂಡೊಂದನ್ನು ತೆಗೆದು ಜೋಡಿಸಲಾಗುತ್ತದೆ.

ಈ) ಗಾಯದ ಹೊದಿಕೆ: ಪ್ಲಾಸ್ಟಿಕ್ ಸರ್ಜನ್‌ರ ಪಾತ್ರ ಇಲ್ಲಿ ಮುಖ್ಯ. ರಕ್ತಸಂಚಾರವಿರುವ ಸ್ನಾಯುವಿನ ಮೇಲೆ ತೊಡೆಯಿಂದ ತೆಗೆದ ತೆಳುವಾದ ಚರ್ಮವನ್ನು ಕಸಿ ಮಾಡಬಹುದು. ಬರಿದಾದ ಮೂಳೆ ಅಥವಾ ಸ್ನಾಯುರಜ್ಜುವಿನ ಮೇಲೆ ಅಂತಹ ಚರ್ಮ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ರಕ್ತ ಅಲ್ಲಿ ದೊರೆಯದು. ಆಗ ತನ್ನದೇ ರಕ್ತನಾಳದೊಡನೆ ಬರುವ ಸ್ನಾಯು ಅಥವಾ ಚರ್ಮದ ದಪ್ಪ ಹೊದಿಕೆ ಬೇಕಾಗುತ್ತದೆ. ಇದನ್ನು ವೈದ್ಯರು ಫ್ಲ್ಯಾಪ್ ಎನ್ನುತ್ತಾರೆ. ಮೊಣಕಾಲಿಗೆ ಹತ್ತಿರದ ಗಾಯಕ್ಕೆ ಮೀನಖಂಡದ ಹೊರಸ್ನಾಯುವನ್ನೂ, ಕಾಲಿನ ನಡುಭಾಗದ ಗಾಯಕ್ಕೆ ಅದರ ಕೆಳಗಿನ ಸ್ನಾಯುವನ್ನೂ ತಿರುಗಿಸಿ ಹೊದಿಸಬಹುದು. ಪಾದದ ಕೀಲಿನ ಸುತ್ತ ಅಂತಹ ಸ್ನಾಯುಗಳಿಲ್ಲದ ಕಾರಣ ಸಮೀಪದ ಚರ್ಮವನ್ನು ತಿರುಗಿಸಬೇಕು, ಇಲ್ಲವೇ ತೊಡೆ ಅಥವಾ ಬೆನ್ನಿನಿಂದ ಹೊದಿಕೆಯನ್ನು ತೆಗೆದು ಸೂಕ್ಷ್ಮದರ್ಶಕದ ನೆರವಿನಿಂದ ಕಾಲಿನ ರಕ್ತನಾಳಕ್ಕೆ ಜೋಡಿಸಬೇಕು. ಹೊದಿಕೆ ತಡವಾದಷ್ಟೂ ಸೋಂಕು ಹೆಚ್ಚುತ್ತದೆ. ಗಾಯ ಸ್ವಚ್ಛವಾಗಿದ್ದಲ್ಲಿ ಮೊದಲ ದಿನಗಳಲ್ಲೇ ಹೊದಿಸುವುದು ಉತ್ತಮ.

ಉ) ಮೂಳೆಯ ಕೊರತೆ ತುಂಬುವುದು: ಮೂಳೆಯ ತುಂಡು ನಷ್ಟವಾಗಿದ್ದಲ್ಲಿ ಸೊಂಟದ ಮೂಳೆಯ ಕಸಿ ಮಾಡಲಾಗುತ್ತದೆ, ಅಥವಾ ಇಲಿಜರೋವ್ ಬಳೆಗಳ ಚೌಕಟ್ಟನ್ನು ಬಳಸಲಾಗುತ್ತದೆ. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್ ನಗರದಲ್ಲಿ ಡಾ. ಗಾವ್ರೀಲ್ ಇಲಿಜರೋವ್ ರೂಪಿಸಿದ ಈ ವಿಧಾನದಲ್ಲಿ ಮೂಳೆಯನ್ನು ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಸರಿಸಿ ಹೊಸ ಮೂಳೆ ಬೆಳೆಯುವಂತೆ ಮಾಡಲಾಗುತ್ತದೆ. 5 ಸೆಂ.ಮೀ. ಕೊರತೆ ತುಂಬಲು ಸರಿಸುವುದಕ್ಕೇ ಸುಮಾರು 50 ದಿನಗಳು ಬೇಕು. ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳುಗಳು ಹಿಡಿಯುತ್ತವೆ.

6. ಹಿರಿಯರ ವಿಷಯದಲ್ಲಿ ವಿಶೇಷ ಗಮನ

ವಯಸ್ಸಾದಂತೆ ರಕ್ತನಾಳಗಳು ಗಡುಸಾಗುತ್ತವೆ, ಮೂಳೆ ಟೊಳ್ಳಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಫ್ಲ್ಯಾಪ್‌ಗೆ ರಕ್ತ ಪೂರೈಸುವ ಸಣ್ಣ ನಾಳಗಳು ಕುಗ್ಗುವುದರಿಂದ ಧೂಮಪಾನವನ್ನು ಸಂಪೂರ್ಣ ನಿಲ್ಲಿಸತಕ್ಕದ್ದು. ರಕ್ತದ ಸಕ್ಕರೆ ಅಂಶ ಹತೋಟಿಯಲ್ಲಿರಬೇಕು. ಆಹಾರದಲ್ಲಿ ಬೇಳೆ, ಹಾಲು, ಮೊಟ್ಟೆ ಮುಂತಾದ ಪ್ರೋಟೀನ್‌ಯುಕ್ತ ಪದಾರ್ಥಗಳಿರಬೇಕು. ಆಪರೇಷನ್ ಆದವರಿಗೆ ಗಂಜಿ ಮಾತ್ರ ಕೊಡುವ ಪದ್ಧತಿಯಿಂದ ಗಾಯ ಮಾಯುವುದು ತಡವಾಗುತ್ತದೆ.

ಹಾಸಿಗೆ ಹಿಡಿದ ಹಿರಿಯರಿಗೆ ಬೆನ್ನಿನ ಹುಣ್ಣು, ನ್ಯುಮೋನಿಯಾ, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಉಂಟಾಗಬಹುದು. ಕೆಲವರಲ್ಲಿ ಮನಸ್ಸು ಗೊಂದಲಗೊಂಡು ಹಗಲು-ರಾತ್ರಿ ತಿಳಿಯದಂತಾಗಬಹುದು. ಕನ್ನಡಕ, ಶ್ರವಣಯಂತ್ರಗಳನ್ನು ಹತ್ತಿರದಲ್ಲಿಡುವುದು, ಪರಿಚಿತರೊಬ್ಬರು ಜೊತೆಗಿರುವುದು, ಆಗಾಗ್ಗೆ ಮಗ್ಗುಲು ಬದಲಿಸುವುದು, ವೈದ್ಯರ ಅನುಮತಿ ದೊರೆತೊಡನೆ ಕುಳ್ಳಿರಿಸಿ ನಿಲ್ಲಿಸುವುದು ಸಹಾಯಕವಾಗುತ್ತದೆ.

ಚಿಕಿತ್ಸೆಗೆ ಸಮ್ಮತಿ ನೀಡುವ ಹಕ್ಕು ಗಾಯಾಳುವಿನದೇ ಆಗಿದೆ. ಹಿರಿಯರು ಪ್ರಜ್ಞೆಯಲ್ಲಿದ್ದು ತಿಳಿದುಕೊಳ್ಳುವ ಸ್ಥಿತಿಯಲ್ಲಿದ್ದಾಗ ಅವರನ್ನು ಬದಿಗಿಟ್ಟು ಮಕ್ಕಳೇ ತೀರ್ಮಾನಿಸುವುದು ಸರಿಯಲ್ಲ. "ನನಗಾಗಿ ಖರ್ಚು ಮಾಡಬೇಡಿ" ಎಂದು ಅವರು ಹೇಳಿದಲ್ಲಿ, ದೊರೆಯುವ ಸರ್ಕಾರಿ ನೆರವನ್ನು ತಿಳಿಸಿದ ನಂತರ ಮತ್ತೊಮ್ಮೆ ಅವರ ಅಭಿಪ್ರಾಯ ಕೇಳಬೇಕು.

7. ಅಂಗಚ್ಛೇದನವೇ ಸೂಕ್ತವಾಗುವ ಸಂದರ್ಭಗಳು

ಕಾಲು ಸಂಪೂರ್ಣ ಜಜ್ಜಿಹೋಗಿದ್ದಲ್ಲಿ, ರಕ್ತಸಂಚಾರ ಬಹಳ ಹೊತ್ತು ನಿಂತಿದ್ದಲ್ಲಿ, ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೆ ಅಪಾಯವಿದ್ದಲ್ಲಿ, ಅಥವಾ ಪದೇ ಪದೇ ಅರಿವಳಿಕೆ ತಾಳಲು ಹೃದಯ ಶಕ್ತವಿಲ್ಲದಿದ್ದಲ್ಲಿ ಅಂಗಚ್ಛೇದನವೇ ಪ್ರಾಣ ಉಳಿಸುವ ಚಿಕಿತ್ಸೆಯಾಗುತ್ತದೆ. ಅಮೆರಿಕದ ಎಂಟು ಆಸ್ಪತ್ರೆಗಳ 569 ಗಾಯಾಳುಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ದೈನಂದಿನ ಬದುಕಿನ ಸಾಮರ್ಥ್ಯ ಹೆಚ್ಚುಕಡಿಮೆ ಸಮಾನವಾಗಿತ್ತು. ಉಳಿಸಿಕೊಂಡವರು ಮತ್ತೆ ಆಸ್ಪತ್ರೆ ಸೇರಬೇಕಾದ ಸಂದರ್ಭಗಳು ಹೆಚ್ಚಿದ್ದವು. ಆದರೆ ಆ ಅಧ್ಯಯನದಲ್ಲಿದ್ದವರು 16ರಿಂದ 69 ವರ್ಷದವರು. ಅದಕ್ಕೂ ಹಿರಿಯರಿಗೆ ಕೃತಕ ಕಾಲಿನಿಂದ ನಡೆಯಲು ಹೆಚ್ಚು ಶ್ರಮ ಬೇಕಾಗುತ್ತದೆ. ಮೊಣಕಾಲಿನ ಮೇಲೆ ಕತ್ತರಿಸಿದಲ್ಲಿ ಅನೇಕರು ಪುನಃ ನಡೆಯಲಾರರು. ಆದಕಾರಣ ಕತ್ತರಿಸುವುದು ಅನಿವಾರ್ಯವಾದರೂ ಮೊಣಕಾಲಿನ ಕೀಲನ್ನು ಉಳಿಸುವ ಸಾಧ್ಯತೆಯನ್ನು ವೈದ್ಯರಲ್ಲಿ ಅಗತ್ಯವಾಗಿ ವಿಚಾರಿಸಬೇಕು.

8. ಆರ್ಥಿಕ ನೆರವು ಮತ್ತು ಸೌಲಭ್ಯಗಳು

1) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ನೆರವು ದೊರೆಯುತ್ತದೆ. ನಿಗದಿತ ತುರ್ತು ಚಿಕಿತ್ಸೆಗಳಿಗೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ನಂತರದ ಹಂತದ ಯೋಜಿತ ಶಸ್ತ್ರಚಿಕಿತ್ಸೆಗಳನ್ನು ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದಾದ್ದರಿಂದ ಮುಂಚಿತವಾಗಿ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ಹೈದರಾಬಾದಿನ ಆಸ್ಪತ್ರೆಗಳಿಗೆ ಹೋಗುವವರು ಅಲ್ಲಿ ತಮ್ಮ ಕಾರ್ಡ್ ಅನ್ವಯವಾಗುವುದೇ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಸಹಾಯವಾಣಿ: 14555.

2) ರಸ್ತೆ ಅಪಘಾತ: ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನಾಂಕದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಪೊಲೀಸ್ ಠಾಣೆಗೆ ಮಾಹಿತಿ ನೀಡುವುದು ಅವಶ್ಯ. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದ ದಾರಿಹೋಕರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ.

3) ಕಾರ್ಮಿಕರು: ಇ.ಎಸ್.ಐ. ವಿಮಾದಾರರು ಹಾಗೂ ಅರ್ಹ ನಿವೃತ್ತ ವಿಮಾದಾರರು ತಮ್ಮ ಚೀಟಿಯೊಂದಿಗೆ ಇ.ಎಸ್.ಐ.ಸಿ. ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಖಣಿ ಅಥವಾ ಕಾರ್ಖಾನೆಯಲ್ಲಿ ಕೆಲಸದ ವೇಳೆ ಗಾಯವಾದಲ್ಲಿ ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಪರಿಹಾರಕ್ಕಾಗಿ ಕಾರ್ಮಿಕ ಇಲಾಖೆಯನ್ನು ವಿಳಂಬವಿಲ್ಲದೆ ಸಂಪರ್ಕಿಸತಕ್ಕದ್ದು.

4) ಕಾಲು ಕಳೆದುಕೊಂಡವರು: ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರನ್ವಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅರ್ಜಿ ಸಲ್ಲಿಸಬಹುದು. ಕೃತಕ ಕಾಲು ಮತ್ತು ಸಾಧನಗಳಿಗೆ ಕೇಂದ್ರದ ಎ.ಡಿ.ಐ.ಪಿ. ಯೋಜನೆಯಿದೆ. ಬಡ ಹಿರಿಯ ನಾಗರಿಕರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಒದಗಿಸಲು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ.

9. ಜೊತೆಗೆ ಇರಿಸಿಕೊಳ್ಳಬೇಕಾದ ದಾಖಲೆಗಳು

1) ಆಧಾರ್ ಚೀಟಿ ಮತ್ತು ಪಡಿತರ ಚೀಟಿ
2) ಆಯುಷ್ಮಾನ್ ಕಾರ್ಡ್ (ಇದ್ದಲ್ಲಿ)
3) ಮೊದಲು ಚಿಕಿತ್ಸೆ ನೀಡಿದ ಆಸ್ಪತ್ರೆಯ ಶಿಫಾರಸು ಪತ್ರ, ಎಕ್ಸ್-ರೇ ಮತ್ತು ನೀಡಿದ ಔಷಧಿಗಳ ವಿವರ
4) ಅಪಘಾತವಾಗಿದ್ದಲ್ಲಿ ಪೊಲೀಸ್ ದೂರಿನ ಪ್ರತಿ ಮತ್ತು ಗಾಯದ ಪ್ರಮಾಣಪತ್ರ
5) ಪ್ರತಿ ಹಂತದ ಬಿಡುಗಡೆ ಸಾರಾಂಶ; ಮುಂದಿನ ಶಸ್ತ್ರಚಿಕಿತ್ಸೆಗೂ ಪರಿಹಾರದ ಅರ್ಜಿಗೂ ಇದು ಅಗತ್ಯ

ಕಾಗದಪತ್ರಗಳನ್ನು ಹುಡುಕುತ್ತ ಗಾಯಾಳುವನ್ನು ಮನೆಯಲ್ಲಿ ಉಳಿಸಿಕೊಳ್ಳಕೂಡದು. ದಾಖಲೆಗಳನ್ನು ನಂತರ ತರಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಂಗಡ ಹಣ ಕಟ್ಟದಿದ್ದರೆ ಆಸ್ಪತ್ರೆಯವರು ತುರ್ತು ಚಿಕಿತ್ಸೆ ನಿರಾಕರಿಸಬಹುದೇ?
ಉತ್ತರ: ನಿರಾಕರಿಸುವಂತಿಲ್ಲ. ಗಾಯಾಳುವಿನ ಜೀವ ಉಳಿಸುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪಿತ್ತಿದೆ.

ಪ್ರಶ್ನೆ: ಚಿಕಿತ್ಸೆಗೆ ಒಟ್ಟು ಎಷ್ಟು ಕಾಲ ಬೇಕು?
ಉತ್ತರ: ಗಾಯದ ಹೊದಿಕೆ ಕೆಲವು ವಾರಗಳಲ್ಲಿ ಮಾಯಬಹುದು. ಮೂಳೆ ಕೂಡಿ ಆಸರೆಯಿಲ್ಲದೆ ನಡೆಯಲು ಹಲವು ತಿಂಗಳುಗಳು, ಮೂಳೆಯ ಕೊರತೆಯಿದ್ದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು.

ಪ್ರಶ್ನೆ: ಮನೆಗೆ ಬಂದ ಮೇಲೆ ಯಾವ ಲಕ್ಷಣಗಳನ್ನು ಗಮನಿಸಬೇಕು?
ಉತ್ತರ: ಹೊದಿಕೆಯ ಬಣ್ಣ ಕಪ್ಪು ಅಥವಾ ನೀಲಿಯಾಗುವುದು, ಕೀವು, ದುರ್ವಾಸನೆ, ಜ್ವರ, ಸರಳುಗಳ ಸುತ್ತ ಕೆಂಪಾಗುವುದು, ಪಾದ ತಣ್ಣಗಾಗುವುದು, ಮೀನಖಂಡದಲ್ಲಿ ಹಠಾತ್ ನೋವು-ಊತ ಅಥವಾ ಉಸಿರಾಟದ ತೊಂದರೆ ಕಂಡಲ್ಲಿ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.

ಪ್ರಶ್ನೆ: ಫಿಸಿಯೋಥೆರಪಿ ಅವಶ್ಯವೇ?
ಉತ್ತರ: ಅವಶ್ಯ. ಮೂಳೆ ಕೂಡಿದರೂ ಕೀಲುಗಳು ಬಿಗಿದುಕೊಂಡಲ್ಲಿ ಹಿರಿಯರು ನೆಲದಿಂದ ಏಳಲಾರರು, ಶೌಚಾಲಯ ಬಳಸಲಾರರು. ಉಳಿಸಿದ ಕಾಲು ಉಪಯೋಗಕ್ಕೆ ಬರುವುದು ವ್ಯಾಯಾಮದಿಂದಲೇ.

ಮೇಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ ಗಾಯಾಳುವನ್ನು ಪರೀಕ್ಷಿಸಿದ ವೈದ್ಯರ ಸಲಹೆಯೇ ಅಂತಿಮ. ಮನೆಯ ಹಿರಿಯರಿಗೆ ಇಂತಹ ಗಾಯವಾದಲ್ಲಿ ವಯಸ್ಸನ್ನು ನೆಪ ಮಾಡಿಕೊಂಡು ತಡಮಾಡದೆ ಆಸ್ಪತ್ರೆಗೆ ತಲುಪಿಸಬೇಕೆಂದೂ, ಲಭ್ಯವಿರುವ ಸೌಲಭ್ಯಗಳ ಸದುಪಯೋಗ ಪಡೆಯಬೇಕೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.